ಡೈವ್ ಕಂಪ್ಯೂಟರ್‌ನಿಂದ ಲಾಗ್ ಇಳಿಸಿಕೊಳ್ಳೋಕೆ ಓಪನ್ ಸೋರ್ಸ್ ದಾರಿ: ಹಳೇ ವೈಪರ್, ಹೊಸ ಬ್ಲೂಟೂತ್ ಯಂತ್ರ, ಎರಡೂ ಒಂದೇ ಕಡೆ

ಅಲೆಗುರುತು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ದಾರಿ ತೋರಿಸಿ.

ನನ್ನ ಹತ್ತಿರ ಎರಡು ಡೈವ್ ಕಂಪ್ಯೂಟರ್ ಇವೆ, ಅಂದರೆ ನೀರೊಳಗೆ ಆಳ, ಸಮಯ ಬರೆದುಕೊಳ್ಳುವ, ಕೈಗೆ ಕಟ್ಟುವ ಯಂತ್ರ. ಒಂದು ಹಳೇ ಸೂಂಟೋ ವೈಪರ್. ಅದು ನಮ್ಮಕ್ಕನದು. ಅವಳು ಡೈವಿಂಗ್ ನಿಲ್ಲಿಸಿ ಬಹಳ ಕಾಲ ಆಯಿತು, ಆದರೆ ಅವಳ ಕಡೇ ಡೈವ್‌ಗಳೆಲ್ಲ ಅದರೊಳಗೇ ಇವೆ. ಇನ್ನೊಂದು ನಾನು ಈಗ ಕಟ್ಟಿಕೊಳ್ಳುವ ಶಿಯರ್‌ವಾಟರ್ ಪೆರೆಗ್ರಿನ್, ಬ್ಲೂಟೂತ್ ಇರೋದು. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ. ಎರಡರ ಲಾಗೂ ಒಂದೇ ಕಡೆ, ನನ್ನ ಕೈಯಲ್ಲೇ ಇರುವ ಕಡತದಲ್ಲಿ ಇರಬೇಕು ಅನ್ನೋದು ಆಸೆ.

ಸಬ್‌ಸರ್ಫೇಸ್ ಅನ್ನೋ ಡೈವ್ ಲಾಗ್ ಪ್ರೋಗ್ರಾಂ ಹಾಕಿಕೊಂಡಿದ್ದೇನೆ. ವೈಪರ್‌ಗೆ ಅಂತ ಯುಎಸ್‌ಬಿ ಕೇಬಲ್ ತರಿಸಿದ್ದೇನೆ. ಪಟ್ಟಿಯಲ್ಲಿ ಮಾಡೆಲ್ ಆರಿಸಿ ಡೌನ್‌ಲೋಡ್ ಒತ್ತಿದರೆ ಪೋರ್ಟ್ ತೆರೆಯಲು ಆಗಲಿಲ್ಲ ಅನ್ನುತ್ತದೆ. ಏನು ಮಾಡಬೇಕು?

ಇನ್ನೊಂದು ಪ್ರಶ್ನೆ. ಮುಂದಿನ ವಾರ ಡೈವ್‌ಗೆ ಹೋಗುತ್ತಿದ್ದೇನೆ. ವೈಪರನ್ನೂ ಬ್ಯಾಕಪ್ ಆಗಿ ಇನ್ನೊಂದು ಕೈಗೆ ಕಟ್ಟಿಕೊಳ್ಳೋಣ ಅಂತ ಇದ್ದೆ. ಇಳಿಸಿಕೊಳ್ಳುವ ಮೊದಲು ಅದನ್ನು ನೀರಿಗೆ ತಂದರೆ ತೊಂದರೆ ಇದೆಯಾ?

---

ತಳದಮರಳು

ಮೊದಲು ಎರಡನೇ ಪ್ರಶ್ನೆ. ದಯವಿಟ್ಟು ವೈಪರನ್ನು ನೀರಿಗೆ ತರಬೇಡಿ. ಇಳಿಸಿಕೊಂಡ ಮೇಲೆ ಎಷ್ಟು ಬೇಕಾದರೂ ತನ್ನಿ.

ಡೈವ್ ಕಂಪ್ಯೂಟರ್‌ಗಳ ಮೆಮೊರಿ ಸುತ್ತು ಹೊಡೆಯುತ್ತದೆ. ತುಂಬಿದ ಮೇಲೆ ಹೊಸ ಡೈವ್ ಹಳೆಯದರ ಮೇಲೆ ಕೂರುತ್ತದೆ, ಒಂದು ಮಾತೂ ಕೇಳುವುದಿಲ್ಲ. ವೈಪರ್‌ನ ಒಟ್ಟು ಮೆಮೊರಿ 8 ಕಿಲೋಬೈಟ್ ಅಷ್ಟೇ. 20 ಸೆಕೆಂಡಿಗೆ ಒಂದು ಸಲ ಆಳವನ್ನು ಒಂದು ಬೈಟ್‌ನಲ್ಲಿ ಬರೆದುಕೊಂಡರೆ ಗಂಟೆಗೆ 180 ಬೈಟ್ ಆಯಿತು. ಲೆಕ್ಕ ಹಾಕಿ, ಎಷ್ಟೇ ಎಳೆದರೂ ನಲವತ್ತು ಚಿಲ್ಲರೆ ಗಂಟೆಯ ಪ್ರೊಫೈಲ್ (ಸಮಯಕ್ಕೆ ತಕ್ಕ ಆಳದ ರೇಖೆ) ಹಿಡಿಯುತ್ತದೆ. ನಿಮ್ಮಕ್ಕ 10 ಸೆಕೆಂಡಿನ ಸೆಟ್ಟಿಂಗ್ ಇಟ್ಟಿದ್ದರೆ ಅದರ ಅರ್ಧ. ಅಂದರೆ ಅದು ಈಗಾಗಲೇ ತುಂಬಿರುವ ಸಾಧ್ಯತೆಯೇ ಜಾಸ್ತಿ. ನೀವು ಒಂದು ಡೈವ್ ಮಾಡಿದರೆ ಅವರ ಒಂದು ಡೈವ್ ಹೋದಂತೆ.

ಬ್ಯಾಟರಿಯನ್ನೂ ಈಗ ಬಿಚ್ಚಬೇಡಿ. ಬಿಚ್ಚಿದರೆ ಗಡಿಯಾರ ತಪ್ಪುತ್ತದೆ. ಅದರ ಗಡಿಯಾರ ಈಗ ಏನು ತೋರಿಸುತ್ತಿದೆ ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ದಿನಾಂಕ ಸರಿಪಡಿಸೋಕೆ ಅದು ಉಪಯೋಗಕ್ಕೆ ಬರುತ್ತದೆ.

ಇನ್ನು ಪೋರ್ಟ್ ವಿಷಯ. ಬಹುತೇಕ ಲಿನಕ್ಸ್‌ಗಳಲ್ಲಿ ಸೀರಿಯಲ್ ಪೋರ್ಟ್ ಮುಟ್ಟೋಕೆ ನೀವು ‘ಡಯಲ್‌ಔಟ್’ ಗುಂಪಿನಲ್ಲಿ ಇರಬೇಕು. ಆರ್ಚ್ ಬಳಗದಲ್ಲಿ ಅದೇ ಗುಂಪಿಗೆ ‘ಯುಯುಸಿಪಿ’ ಅಂತ ಹೆಸರು. ನಿಮ್ಮ ಬಳಕೆದಾರ ಖಾತೆಯನ್ನು ಆ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಸುಮ್ನೆ ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು. ಸಬ್‌ಸರ್ಫೇಸನ್ನೇ ರೂಟ್ (ಪೂರ್ತಿ ಅಧಿಕಾರದ ಖಾತೆ) ಆಗಿ ಓಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಡತಗಳ ಒಡೆತನ ರೂಟ್‌ಗೆ ಹೋಗಿ ಆಮೇಲೆ ಬೇರೆ ತಲೆನೋವು.

---

ಅಲೆಗುರುತು

ತುಂಬಾ ಥ್ಯಾಂಕ್ಸ್. ವೈಪರನ್ನು ಡ್ರಾಯರ್‌ನಲ್ಲಿ ಇಟ್ಟೆ, ನೀರಿಗೆ ತರುವುದಿಲ್ಲ. ಗಡಿಯಾರದ ಫೋಟೋ ತೆಗೆದೆ, ನಾಲ್ಕು ನಿಮಿಷ ಮುಂದಿದೆ.

ಗುಂಪಿಗೆ ಸೇರಿಸಿದ ಮೇಲೆ ಪೋರ್ಟ್ ತೆರೆಯುತ್ತದೆ. ಆದರೆ ಈಗ ಸ್ವಲ್ಪ ಹೊತ್ತು ಕಾದು ‘ಟೈಮ್‌ಔಟ್’ ಅನ್ನುತ್ತದೆ. ವೈಪರ್ ಕಡೆಯಿಂದ ಉತ್ತರವೇ ಬರುತ್ತಿಲ್ಲ ಅನ್ನಿಸುತ್ತದೆ.

---

ಸೀರಿಯಲ್ಪೋರ್ಟ್

ವೈಪರ್‌ನ ಮೆಮೊರಿ ಮೆನುವಿಗೆ ಹೋಗಿ ‘ಟಿಆರ್-ಪಿಸಿ’ ಮೋಡ್‌ನಲ್ಲಿ ಇಟ್ಟಿದ್ದೀರಾ? ಅದರಲ್ಲಿ ಇಲ್ಲದಿದ್ದರೆ ಅದು ಮಾತಾಡುವುದೇ ಇಲ್ಲ. ಆಮೇಲೆ, ಕೇಬಲ್ ಹಾಕಿದ ತಕ್ಷಣ ಕರ್ನಲ್ ಸಂದೇಶಗಳಲ್ಲಿ ಯಾವ ಚಿಪ್ ಹೆಸರು ಬರುತ್ತದೆ ನೋಡಿ ಹೇಳಿ. ಎಫ್‌ಟಿಡಿಐ, ಸಿಪಿ210ಎಕ್ಸ್, ಪಿಎಲ್2303, ಸಿಎಚ್340, ಇವುಗಳಲ್ಲಿ ಒಂದು ಇರುತ್ತದೆ.

---

ಅಲೆಗುರುತು

ಟಿಆರ್-ಪಿಸಿ ಮೋಡ್‌ನಲ್ಲೇ ಇದೆ ಸರ್. ಚಿಪ್ ಸಿಎಚ್340 ಅಂತ ಬರುತ್ತಿದೆ.

---

ಸೀರಿಯಲ್ಪೋರ್ಟ್

ಹಾಗಾದರೆ ನನಗೆ ಕೇಬಲ್ ಮೇಲೇ ಅನುಮಾನ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದೆ ಹುಡುಕಿಕೊಂಡು ಬರುವವರಿಗೂ ಬೇಕಾಗುತ್ತದೆ.

ವೈಪರ್ ಮಾತಾಡುವುದು 2400 ಬಾಡ್‌ನಲ್ಲಿ (ಸೆಕೆಂಡಿಗೆ 2400 ಬಿಟ್), 8 ಡೇಟಾ ಬಿಟ್, ಬೆಸ ಪ್ಯಾರಿಟಿ (ಬೈಟ್ ಸರಿಯಾಗಿ ಬಂತಾ ಅಂತ ನೋಡೋಕೆ ಒಂದು ಹೆಚ್ಚುವರಿ ಬಿಟ್), 1 ಸ್ಟಾಪ್ ಬಿಟ್. ಇವತ್ತಿನ ಸೀರಿಯಲ್ ಸಾಧನಗಳು ಬಹುತೇಕ ಪ್ಯಾರಿಟಿಯನ್ನೇ ಬಳಸುವುದಿಲ್ಲ, ಅಲ್ವಾ? ಹಾಗಾಗಿ ಅಗ್ಗದ ಕೇಬಲ್ ಮಾಡುವವರು ಅದನ್ನು ಪರೀಕ್ಷಿಸಿಯೇ ಇರುವುದಿಲ್ಲ. ಇದು ಮೊದಲನೇ ತೊಡಕು.

ಎರಡನೆಯದು ಇನ್ನೂ ದೊಡ್ಡದು. ಇಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಲ್ಯಾಪ್‌ಟಾಪ್ ಆಜ್ಞೆ ಕಳಿಸುವಾಗ ಆರ್‌ಟಿಎಸ್ ಅನ್ನೋ ಸಾಲನ್ನು ಎತ್ತಿ ಹಿಡಿಯುತ್ತದೆ. ಕಳಿಸಿ ಮುಗಿದ ಕೂಡಲೇ ಇಳಿಸಬೇಕು. ಇಳಿಸಿದರೆ ಮಾತ್ರ ಆ ಕಡೆಯ ಉತ್ತರ ಕೇಳಿಸುತ್ತದೆ. ಬೇಗ ಇಳಿಸಿದರೆ ಆಜ್ಞೆಯ ಬಾಲ ಕತ್ತರಿಸುತ್ತದೆ, ತಡ ಮಾಡಿದರೆ ಉತ್ತರದ ತಲೆ ಕಾಣೆಯಾಗುತ್ತದೆ. ಜೊತೆಗೆ ಡಿಟಿಆರ್ ಅನ್ನೋ ಇನ್ನೊಂದು ಸಾಲಿನಿಂದ ಕೇಬಲ್‌ನ ಒಳಗಿನ ಸರ್ಕ್ಯೂಟ್‌ಗೆ ಕರೆಂಟ್ ಸಿಗುತ್ತದೆ. ಈ ಎರಡೂ ಸಾಲನ್ನು ಸರಿಯಾಗಿ ಜೋಡಿಸದ ಕೇಬಲ್‌ನಲ್ಲಿ ಪೋರ್ಟ್ ತೆರೆಯುತ್ತದೆ, ಆದರೆ ಉತ್ತರ ಮಾತ್ರ ಬರುವುದಿಲ್ಲ. ನಿಮಗೆ ಕಾಣುತ್ತಿರುವುದು ಅದೇ.

ಸಿಎಚ್340 ಚಿಪ್ಪೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಬೇರೆ ಕೆಲಸಕ್ಕೆ ಚೆನ್ನಾಗಿಯೇ ಇದೆ. ಆದರೆ ವೈಪರ್‌ಗೆ ಎಫ್‌ಟಿಡಿಐ ಚಿಪ್ ಇರುವ ಕೇಬಲ್ ಹುಡುಕಿ. ಲಿನಕ್ಸ್ ಕರ್ನಲ್‌ನಲ್ಲೇ ಅದರ ಡ್ರೈವರ್ ಇದೆ, ಬೇರೆ ಏನೂ ಹಾಕಬೇಕಾಗಿಲ್ಲ.

ಕೇಬಲ್ ಬಂದ ಮೇಲೆ ತಾಳ್ಮೆ ಇರಲಿ. 8192 ಬೈಟ್, ಒಂದೊಂದಕ್ಕೂ ಸ್ಟಾರ್ಟ್, ಪ್ಯಾರಿಟಿ, ಸ್ಟಾಪ್ ಸೇರಿ 11 ಬಿಟ್. 2400ರ ವೇಗದಲ್ಲಿ ತಂತಿಯಲ್ಲಿ ಹರಿಯೋಕೇ 37 ಸೆಕೆಂಡ್ ಬೇಕು. ಸಣ್ಣ ಸಣ್ಣ ತುಂಡಾಗಿ ಕೇಳಿ, ಪ್ರತಿ ತುಂಡಿನ ಚೆಕ್‌ಸಮ್ (ಬೈಟ್‌ಗಳು ಸರಿ ಇವೆಯಾ ಅಂತ ಹೇಳುವ ತಾಳೆ ಅಂಕಿ) ನೋಡಿ ಮುಂದೆ ಹೋಗುವುದರಿಂದ ಇನ್ನೂ ಜಾಸ್ತಿ ಹಿಡಿಯುತ್ತದೆ. ನಿಂತುಹೋಯಿತು ಅಂದುಕೊಂಡು ಮಧ್ಯೆ ಕೀಳಬೇಡಿ.

---

ಸುಲಭದಾರಿ

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲ ಕಷ್ಟ ಯಾಕೆ? ನನ್ನ ಡೈವ್ ಕಂಪ್ಯೂಟರ್‌ಗೆ ತಯಾರಕರದ್ದೇ ಆ್ಯಪ್ ಇದೆ. ಫೋನ್ ತೆರೆದರೆ ಲಾಗ್ ತಾನಾಗೇ ಬರುತ್ತದೆ, ನಕ್ಷೆ ಬರುತ್ತದೆ, ಗೆಳೆಯರಿಗೆ ಕಳಿಸಬಹುದು. ಕೇಬಲ್, ಗುಂಪು, ಪ್ಯಾರಿಟಿ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಅದು ಒಳ್ಳೆಯದಲ್ವಾ? ಡೈವ್ ಮಾಡೋದು ಮುಖ್ಯ, ಲಾಗ್ ಅಲ್ಲ.

---

ಹಳೇಲಾಗ್

ಸುಲಭದಾರಿ ಅವರೇ, ಬೇಜಾರು ಏನಿಲ್ಲ. ನಾನೂ ಬಹಳ ಕಾಲ ಹಾಗೇ ಇದ್ದೆ. ಒಂದು ಕಂಪನಿಯ ಆನ್‌ಲೈನ್ ಲಾಗ್‌ಬುಕ್ ಬಳಸುತ್ತಿದ್ದೆ, ಹೆಸರು ಬೇಡ. ಒಂದು ದಿನ ಇಮೇಲ್ ಬಂತು: ಸೇವೆ ನಿಲ್ಲಿಸುತ್ತಿದ್ದೇವೆ, ನಿಮ್ಮ ಡೇಟಾ ಇಳಿಸಿಕೊಳ್ಳಿ. ಇಳಿಸಿಕೊಂಡೆ. ಬಂದದ್ದು ಒಂದು ಸ್ಪ್ರೆಡ್‌ಶೀಟ್. ದಿನಾಂಕ, ಗರಿಷ್ಠ ಆಳ, ಒಟ್ಟು ಸಮಯ, ತಾಪಮಾನ. ಪ್ರೊಫೈಲ್ ಇಲ್ಲ. ಎಲ್ಲಿ ಎಷ್ಟು ಹೊತ್ತು ಇದ್ದೆ, ಹೇಗೆ ಮೇಲೆ ಬಂದೆ, ಸಿಲಿಂಡರ್ ಒತ್ತಡ ಹೇಗೆ ಇಳಿಯಿತು, ಯಾವುದೂ ಇಲ್ಲ. ಡೈವ್ ಕಂಪ್ಯೂಟರ್‌ನಲ್ಲಿ ಆ ಡೈವ್‌ಗಳ ಮೇಲೆ ಹೊಸವು ಕೂತು ಯಾವುದೋ ಕಾಲ ಆಗಿತ್ತು.

ಲಾಗ್ ಮುಖ್ಯ ಅಲ್ಲ ಅನ್ನೋದನ್ನು ನಾನು ಒಪ್ಪುವುದಿಲ್ಲ. ನನ್ನ ಗಾಳಿ ಖರ್ಚು ಯಾವ ಡೈವ್‌ನಲ್ಲಿ ಏರಿತು, ಕೊನೆಯ ಐದು ಮೀಟರನ್ನು ಎಷ್ಟು ಬೇಗ ಏರುತ್ತೇನೆ, ಇದನ್ನೆಲ್ಲ ನಾನು ಕಲಿತದ್ದು ಪ್ರೊಫೈಲ್ ನೋಡಿಯೇ. ಡೈವ್ ಆದ ಮೇಲೆ ಯಾರಿಗಾದರೂ ಕೈಕಾಲು ಜೋಮು, ಕೀಲು ನೋವು ಅಂತ ಬಂದರೆ ವೈದ್ಯರು ಮೊದಲು ಕೇಳುವುದರಲ್ಲಿ ಡೈವ್‌ನ ವಿವರವೂ ಒಂದು. ಆಗ ನೆನಪಿನಿಂದ ಹೇಳೋದಕ್ಕೂ ರೇಖೆ ತೋರಿಸೋದಕ್ಕೂ ವ್ಯತ್ಯಾಸ ಇದೆ.

ಆ್ಯಪ್ ಬೇಡ ಅಂತ ಹೇಳುತ್ತಿಲ್ಲ. ನಿಮ್ಮ ಡೈವ್‌ಗಳ ಒಂದೇ ಪ್ರತಿ ಅದರಲ್ಲಿ ಮಾತ್ರ ಇರಬಾರದು ಅಂತ ಹೇಳುತ್ತಿದ್ದೇನೆ.

---

ಕಡಲಕೋಡ್

ಈ ಓಪನ್ ಸೋರ್ಸ್ ಬಳಗದಲ್ಲಿ ಯಾವುದು ಏನು ಅಂತ ಹೊಸಬರಿಗೆ ಗೊಂದಲ ಆಗುತ್ತದೆ. ಹಾಗಾಗಿ ಹೇಳಿಬಿಡುತ್ತೇನೆ.

ಅಡಿಪಾಯ ಲಿಬ್‌ಡೈವ್‌ಕಂಪ್ಯೂಟರ್. ಇದು ಸಿ ಭಾಷೆಯಲ್ಲಿ ಬರೆದ ಲೈಬ್ರರಿ, ಪರವಾನಗಿ ಎಲ್‌ಜಿಪಿಎಲ್. ಬೇರೆ ಬೇರೆ ಕಂಪನಿಗಳ ಯಂತ್ರಗಳ ಜೊತೆ ಮಾತಾಡೋದು, ಬಂದ ಬೈಟ್‌ಗಳನ್ನು ಆಳ, ಸಮಯ, ತಾಪಮಾನ ಅಂತ ಬಿಡಿಸೋದು ಇದರ ಕೆಲಸ. ಸೂಂಟೋ, ಊವಾಟೆಕ್, ಸ್ಕೂಬಾಪ್ರೋ, ಓಷಿಯಾನಿಕ್, ಮಾರೆಸ್, ಕ್ರೆಸ್ಸಿ, ಶಿಯರ್‌ವಾಟರ್, ಹೈನ್‌ರಿಕ್ಸ್ ವೈಕಾಂಪ್, ಹೀಗೆ ಪಟ್ಟಿ ಉದ್ದ ಇದೆ. ಇದರ ಮೇಲೆ ನಿಂತ ಪ್ರೋಗ್ರಾಂಗಳು ಹಲವು, ದುಡ್ಡು ಕೊಟ್ಟು ಕೊಳ್ಳುವಂಥವೂ ಇವೆ. ಎಲ್‌ಜಿಪಿಎಲ್ ಅದಕ್ಕೆ ಅಡ್ಡಿ ಮಾಡುವುದಿಲ್ಲ.

ಸಬ್‌ಸರ್ಫೇಸ್ ಆ ಲೈಬ್ರರಿಯ ಮೇಲೆ ಕಟ್ಟಿದ ಪೂರ್ತಿ ಲಾಗ್‌ಬುಕ್. 2011ರಲ್ಲಿ ಲಿನಕ್ಸ್ ಕರ್ನಲ್ ಕೆಲಸ ಕೆಲವು ಕಾಲ ನಿಂತಿದ್ದಾಗ ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೊರ್ವಾಲ್ಡ್ಸ್ ಇದನ್ನು ಶುರು ಮಾಡಿದರು. ಲಿನಕ್ಸ್‌ನಲ್ಲಿ ಒಳ್ಳೆಯ ಡೈವ್ ಲಾಗ್ ಇಲ್ಲ ಅನ್ನೋದೇ ಕಾರಣ. ಮರುವರ್ಷ ಡರ್ಕ್ ಹೋಂಡೆಲ್ ಉಸ್ತುವಾರಿ ವಹಿಸಿಕೊಂಡರು. ಪರವಾನಗಿ ಜಿಪಿಎಲ್ 2. ವಿಂಡೋಸ್, ಮ್ಯಾಕ್, ಲಿನಕ್ಸ್‌ನಲ್ಲಿ ಓಡುತ್ತದೆ, ಆಂಡ್ರಾಯ್ಡ್ ಮತ್ತು ಐಫೋನ್‌ಗೆ ಮೊಬೈಲ್ ರೂಪವೂ ಇದೆ.

ಇಲ್ಲಿ ಒಂದು ಗಮನಿಸಬೇಕಾದ ವಿಷಯ. ಸಬ್‌ಸರ್ಫೇಸ್ ಬಳಗ ಲಿಬ್‌ಡೈವ್‌ಕಂಪ್ಯೂಟರ್‌ನ ತಮ್ಮದೇ ಒಂದು ಶಾಖೆ ಇಟ್ಟುಕೊಂಡಿದೆ. ಗಾರ್ಮಿನ್ ಡಿಸೆಂಟ್‌ನ ಫಿಟ್ ಕಡತ ಓದುವ ಭಾಗ ಇರುವುದು ಆ ಶಾಖೆಯಲ್ಲಿ. ಹಾಗಾಗಿ ನಿಮ್ಮ ಲಿನಕ್ಸ್ ವಿತರಣೆಯ ಭಂಡಾರದಿಂದ ಹಾಕಿಕೊಂಡ ಸಬ್‌ಸರ್ಫೇಸ್‌ಗೂ ಅವರ ತಾಣದ ಆ್ಯಪ್‌ಇಮೇಜ್‌ಗೂ (ಹಾಗೇ ಓಡುವ ಒಂದೇ ಕಡತದ ರೂಪ) ವ್ಯತ್ಯಾಸ ಇರಬಹುದು. ನಿಮ್ಮ ಮಾಡೆಲ್ ಪಟ್ಟಿಯಲ್ಲೇ ಇಲ್ಲ ಅಂತಾದರೆ ಕೈಚೆಲ್ಲುವ ಮೊದಲು ಆ್ಯಪ್‌ಇಮೇಜ್ ಇಳಿಸಿ ನೋಡಿ.

---

ಸುಲಭದಾರಿ

ಹಳೇಲಾಗ್ ಅವರ ಮಾತು ಅರ್ಥ ಆಯಿತು. ನನ್ನ ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿ ನೋಡಿದೆ. ಚಿತ್ರ ಬರುತ್ತದೆ, ಪಿಡಿಎಫ್ ಬರುತ್ತದೆ. ಸಂಖ್ಯೆ ಬರುವುದಿಲ್ಲ. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಆದರೂ ಒಂದು ಹೇಳುತ್ತೇನೆ. ಫರ್ಮ್‌ವೇರ್ (ಯಂತ್ರದ ಒಳಗಿನ ತಂತ್ರಾಂಶ) ಅಪ್‌ಡೇಟ್‌ಗೆ ತಯಾರಕರ ಆ್ಯಪ್ ಬೇಕೇ ಬೇಕು. ಅದನ್ನು ತೆಗೆದುಹಾಕಿ ಅಂತ ಹೊಸಬರಿಗೆ ಹೇಳಬೇಡಿ.

---

ಹಳೇಲಾಗ್

ಅದು ಖಂಡಿತ ನಿಜ. ಇನ್ನೊಂದು ಸೇರಿಸುತ್ತೇನೆ: ಫರ್ಮ್‌ವೇರ್ ಅಪ್‌ಡೇಟ್ ಒತ್ತುವ ಮೊದಲು ಲಾಗ್ ಇಳಿಸಿಕೊಳ್ಳಿ. ಪ್ರತಿ ಸಲ.

---

ಅಲೆಗುರುತು

ಎಫ್‌ಟಿಡಿಐ ಕೇಬಲ್ ಬಂತು. ಕೆಲಸ ಮಾಡಿತು! ಸೀರಿಯಲ್ಪೋರ್ಟ್ ಸರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ. ಅಕ್ಕನಿಗೆ ಫೋನ್ ಮಾಡಿ ಒಂದೊಂದೇ ಡೈವ್ ಓದಿ ಹೇಳಿದೆ. ಯಾವುದು ಎಲ್ಲಿಯದು ಅಂತ ಅವಳಿಗೆ ಬಹುತೇಕ ನೆನಪಿತ್ತು, ಜಾಗದ ಹೆಸರು ಬರೆದುಕೊಂಡೆ.

ಒಂದೇ ಅನುಮಾನ. ರೇಖೆ ಮೆಟ್ಟಿಲು ಮೆಟ್ಟಿಲಾಗಿ ಇದೆ. ಪೆರೆಗ್ರಿನ್‌ನಲ್ಲಿ ರೇಖೆ ನುಣುಪಾಗಿ ಬರುತ್ತದೆ. ಇಲ್ಲಿ ಆಳ 12.2, 12.5, 12.8 ಹೀಗೆ ಹಾರುತ್ತದೆ, ನಡುವಿನ ಅಂಕಿಯೇ ಇಲ್ಲ. ಇಳಿಸುವಾಗ ಏನಾದರೂ ಕಳೆದುಹೋಗಿದೆಯಾ?

---

ಸೀರಿಯಲ್ಪೋರ್ಟ್

ಏನೂ ಕಳೆದಿಲ್ಲ, ನೆಮ್ಮದಿಯಾಗಿರಿ. ಆ ಅಂಕಿಗಳನ್ನು ಅಡಿಯಲ್ಲಿ ನೋಡಿ. 40 ಅಡಿ ಅಂದರೆ 12.19 ಮೀಟರ್. 41 ಅಂದರೆ 12.50. 42 ಅಂದರೆ 12.80. ಪರದೆಯ ಮೇಲೆ ಮೀಟರ್ ತೋರಿಸಿದರೂ ವೈಪರ್ ಒಳಗೆ ಪ್ರೊಫೈಲನ್ನು ಬರೆದುಕೊಳ್ಳೋದು ಪೂರ್ತಿ ಅಡಿಗಳಲ್ಲಿ. ನಡುವಿನ ಅಂಕಿ ಅದರ ಮೆಮೊರಿಯಲ್ಲೇ ಇಲ್ಲ.

ಇದರ ಒಳಗಿನ ಕೆಲಸ ನನಗೆ ತುಂಬಾ ಇಷ್ಟ. 8 ಕಿಲೋಬೈಟ್‌ನಲ್ಲಿ ಇಡಬೇಕಲ್ಲ, ಹಾಗಾಗಿ ಆಳವನ್ನೇ ಬರೆಯುವುದಿಲ್ಲ. ಹಿಂದಿನ ಸಲಕ್ಕಿಂತ ಎಷ್ಟು ಅಡಿ ಇಳಿದೆ ಅಥವಾ ಏರಿದೆ ಅನ್ನೋ ವ್ಯತ್ಯಾಸ ಮಾತ್ರ, ಅದೂ ಒಂದೇ ಬೈಟ್‌ನಲ್ಲಿ. ಕೆಲವು ಬೆಲೆಗಳನ್ನು ಆಳಕ್ಕೆ ಬಳಸದೆ ಬೇರೆ ಗುರುತುಗಳಿಗೆ ಮೀಸಲಿಟ್ಟಿದ್ದಾರೆ: ಜಾಸ್ತಿ ವೇಗವಾಗಿ ಏರಿದ ಎಚ್ಚರಿಕೆ, ನೀವು ಒತ್ತಿದ ಬುಕ್‌ಮಾರ್ಕ್, ಡೈವ್ ಮುಗಿದ ಗುರುತು. ಓದುವವರು ಸೊನ್ನೆಯಿಂದ ಶುರು ಮಾಡಿ ಒಂದೊಂದೇ ಕೂಡಿಸುತ್ತಾ ಹೋಗಬೇಕು. ನಡುವೆ ಒಂದು ಬೈಟ್ ತಪ್ಪಾದರೂ ಅಲ್ಲಿಂದ ಮುಂದಿನ ಆಳವೆಲ್ಲ ತಪ್ಪು. ಚೆಕ್‌ಸಮ್ ಯಾಕೆ ಅಷ್ಟು ಮುಖ್ಯ ಅಂತ ಈಗ ಗೊತ್ತಾಯಿತಲ್ಲ. ನಿಮ್ಮಕ್ಕನ ಡೈವ್‌ಗಳು ಕೊನೆಗೆ ಸರಿಯಾಗಿ ಮೇಲ್ಮೈಗೆ ಬಂದು ನಿಂತಿದ್ದರೆ ಎಲ್ಲ ಬೈಟ್‌ಗಳೂ ನೆಟ್ಟಗೆ ಬಂದಿವೆ ಅಂತ ಧೈರ್ಯವಾಗಿ ನಂಬಬಹುದು.

ಈಗ ಒಂದು ಕೆಲಸ ಮಾಡಿ. ಕಚ್ಚಾ ಡೇಟಾವನ್ನೂ ಇಳಿಸಿಟ್ಟುಕೊಳ್ಳಿ. ಲಿಬ್‌ಡೈವ್‌ಕಂಪ್ಯೂಟರ್ ಜೊತೆ ‘ಡಿಸಿಟೂಲ್’ ಅನ್ನೋ ಕಮಾಂಡ್ ಲೈನ್ ಸಾಧನ ಬರುತ್ತದೆ. ಅದರ ‘ಡಂಪ್’ ಆಜ್ಞೆ ವೈಪರ್‌ನಂಥ ಯಂತ್ರದ ಇಡೀ ಮೆಮೊರಿಯನ್ನು ಇದ್ದಹಾಗೇ ಒಂದು ಕಡತಕ್ಕೆ ಇಳಿಸುತ್ತದೆ. ‘ಡೌನ್‌ಲೋಡ್’ ಆಜ್ಞೆಗೆ ಕಚ್ಚಾ ರೂಪ ಬೇಕು ಅಂತ ಹೇಳಿದರೆ ಎಕ್ಸ್‌ಎಂಎಲ್ ಬದಲು ಡೈವ್‌ಗಳ ಮೂಲ ಬೈಟ್ ಸಿಗುತ್ತದೆ. ಅವನ್ನು ಮುಂದೆ ‘ಪಾರ್ಸ್’ ಆಜ್ಞೆಯಿಂದ ಮತ್ತೆ ಓದಿಸಬಹುದು.

---

ತಳದಮರಳು

ಸಬ್‌ಸರ್ಫೇಸ್ ಕಡತ ಇದ್ದಮೇಲೆ ಕಚ್ಚಾ ಡೇಟಾ ಯಾಕೆ? ಅದು ಎಕ್ಸ್‌ಎಂಎಲ್, ಯಾವ ಎಡಿಟರ್‌ನಲ್ಲಾದರೂ ತೆರೆದು ಓದಬಹುದು. ಬೇರೆ ಕಡೆ ಒಯ್ಯಬೇಕಾದರೆ ಯುಡಿಡಿಎಫ್ ಅನ್ನೋ ಸಾಮಾನ್ಯ ಡೈವ್ ಲಾಗ್ ರೂಪಕ್ಕೆ ಎಕ್ಸ್‌ಪೋರ್ಟ್ ಇದೆ. ಹೊಸಬರಿಗೆ ಕೆಲಸ ಜಾಸ್ತಿ ಮಾಡುತ್ತಿದ್ದೀವಿ ಅನ್ನಿಸುತ್ತದೆ.

---

ಸೀರಿಯಲ್ಪೋರ್ಟ್

ಎಕ್ಸ್‌ಎಂಎಲ್ ಅನ್ನೋದು ಇವತ್ತಿನ ತಿಳುವಳಿಕೆಯ ಪ್ರಕಾರ ಬಿಡಿಸಿದ ಅರ್ಥ. ಬಹುತೇಕ ಕಂಪನಿಗಳು ತಮ್ಮ ಯಂತ್ರದ ಮಾತುಕತೆ ಹೇಗೆ, ಮೆಮೊರಿಯಲ್ಲಿ ಯಾವ ಬೈಟ್ ಏನು ಅಂತ ಬಹಿರಂಗವಾಗಿ ಹೇಳುವುದಿಲ್ಲ. ಯಾರೋ ಕೂತು ಬಿಡಿಸಿದ್ದಾರೆ. ಬಿಡಿಸುವಾಗ ಮೊದಲು ಆಳ, ಸಮಯ ಗೊತ್ತಾಗುತ್ತದೆ. ಗ್ಯಾಸ್ ಬದಲಾವಣೆ, ಎಚ್ಚರಿಕೆ, ಸಿಲಿಂಡರ್ ಒತ್ತಡ, ಇವೆಲ್ಲ ಆಮೇಲೆ ಒಂದೊಂದಾಗಿ ಗೊತ್ತಾಗಬಹುದು. ಈ ವರ್ಷ ಅರ್ಥ ಆಗದ ಬೈಟ್ ಎರಡು ವರ್ಷ ಬಿಟ್ಟು ಅರ್ಥ ಆದರೆ, ಮೂಲ ಇಟ್ಟುಕೊಂಡವರಿಗೆ ಆ ವಿವರ ಸಿಗುತ್ತದೆ. ಎಕ್ಸ್‌ಎಂಎಲ್ ಮಾತ್ರ ಇಟ್ಟುಕೊಂಡವರಿಗೆ ಸಿಗುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಯಂತ್ರದ ಮೆಮೊರಿ ಸುತ್ತು ಹೊಡೆದಿರುತ್ತದೆ.

8 ಕಿಲೋಬೈಟ್ ಕಡತ ಇಡೋಕೆ ಜಾಗದ ಚಿಂತೆಯಂತೂ ಇಲ್ಲ. ಇದೊಂದು ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ.

---

ತಳದಮರಳು

ಸರಿ, ಈ ಕಾರಣ ನಾನು ಯೋಚಿಸಿರಲಿಲ್ಲ. ಒಪ್ಪಿದೆ. ನನ್ನದನ್ನೂ ಇವತ್ತೇ ಇಳಿಸಿಡುತ್ತೇನೆ.

---

ಇನ್ಫ್ರಾಕೆಂಪು

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು ಊವಾಟೆಕ್ ಗೆಲಿಲಿಯೋ. ಇನ್‌ಫ್ರಾರೆಡ್‌ನಲ್ಲಿ ಮಾತಾಡುತ್ತದೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಇಳಿಯುತ್ತಿತ್ತು, ಹೊಸದರಲ್ಲಿ ಅದೇ ಯುಎಸ್‌ಬಿ ಇರ್ಡಾ ಅಡಾಪ್ಟರ್ ಹಾಕಿದರೂ ಏನೂ ಇಲ್ಲ. ಅಡಾಪ್ಟರ್ ಕೆಟ್ಟಿದೆಯಾ?

---

ಕಡಲಕೋಡ್

ಅಡಾಪ್ಟರ್ ಬಿಸಾಕಬೇಡಿ, ಅದು ಸರಿಯಾಗೇ ಇರಬೇಕು. ಲಿನಕ್ಸ್ ಕರ್ನಲ್‌ನಿಂದಲೇ ಇರ್ಡಾ ಬೆಂಬಲ ತೆಗೆದುಹಾಕಿದರು. 2018ರ 4.17ನೇ ಆವೃತ್ತಿಯಿಂದ ಅದು ಇಲ್ಲ. ಹಳೇ ಕರ್ನಲ್ ಇರುವ ಒಂದು ಲೈವ್ ಯುಎಸ್‌ಬಿ ಮಾಡಿಟ್ಟುಕೊಳ್ಳಿ, ಲಾಗ್ ಇಳಿಸೋಕೆ ಮಾತ್ರ ಅದರಿಂದ ಬೂಟ್ ಮಾಡಿ. ಹಳೇ ಲ್ಯಾಪ್‌ಟಾಪ್ ಇನ್ನೂ ಓಡುತ್ತಿದ್ದರೆ ಅದನ್ನೇ ಇದಕ್ಕೆ ಮೀಸಲಿಡಿ.

---

ಅಲೆಗುರುತು

ವೈಪರ್ ಮುಗಿಯಿತು, ಕಚ್ಚಾ ಕಡತವನ್ನೂ ಎರಡು ಕಡೆ ಇಟ್ಟೆ. ಈಗ ಪೆರೆಗ್ರಿನ್. ಫೋನ್‌ನಲ್ಲಿ ಸಬ್‌ಸರ್ಫೇಸ್ ಮೊಬೈಲ್ ಹಾಕಿದೆ. ಆಂಡ್ರಾಯ್ಡ್, ಸ್ವಲ್ಪ ಹಳೇದು. ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಪೇರ್ ಮಾಡೋಕೆ ನೋಡಿದರೆ ಆಗುತ್ತಿಲ್ಲ. ಸಬ್‌ಸರ್ಫೇಸ್ ಪಟ್ಟಿಯಲ್ಲೂ ಕಾಣುತ್ತಿಲ್ಲ.

---

ನೀರ್ಗುಳ್ಳೆ

ಇದು ನನ್ನ ವಿಷಯ. ಪೆರೆಗ್ರಿನ್ ಬಿಎಲ್‌ಇ ಯಂತ್ರ, ಅಂದರೆ ಕಡಿಮೆ ಶಕ್ತಿಯ ಹೊಸ ಬಗೆಯ ಬ್ಲೂಟೂತ್ ಇರೋದು. ಫೋನ್‌ನ ಸೆಟ್ಟಿಂಗ್‌ನಲ್ಲಿ ಅದನ್ನು ಪೇರ್ ಮಾಡಬೇಕಾಗಿಲ್ಲ. ಮಾಡಿದ್ದರೆ ‘ಮರೆತುಬಿಡು’ ಒತ್ತಿ. ಆ್ಯಪ್ಪೇ ನೇರವಾಗಿ ಹುಡುಕಿ ಮಾತಾಡುತ್ತದೆ. ಸಂಪರ್ಕ ಮಾಡುವಾಗ ಪಿನ್ ಕೇಳುವ ಬೇರೆ ಕಂಪನಿಯ ಮಾಡೆಲ್‌ಗಳೂ ಇವೆ, ಆದರೆ ಇದು ಹಾಗಲ್ಲ.

ಕಾಣದೇ ಇರೋಕೆ ಎರಡು ಕಾರಣ ಇರಬಹುದು. ಆಂಡ್ರಾಯ್ಡ್ 6ರಿಂದ 11ರವರೆಗೆ ಬಿಎಲ್‌ಇ ಸಾಧನ ಹುಡುಕೋಕೆ ಆ್ಯಪ್‌ಗೆ ಲೊಕೇಶನ್ ಅನುಮತಿ ಬೇಕು. ಕೊಟ್ಟಿಲ್ಲ ಅಂದರೆ ಸುಮ್ನೆ ಖಾಲಿ ಪಟ್ಟಿ ಬರುತ್ತದೆ. 12ರಿಂದ ಬ್ಲೂಟೂತ್‌ಗೇ ಬೇರೆ ಅನುಮತಿ ಬಂತು. ಎರಡನೇ ಕಾರಣ, ಅದೇ ಫೋನ್‌ನಲ್ಲಿ ತಯಾರಕರ ಆ್ಯಪ್ ಹಿಂದೆಯೇ ಓಡುತ್ತಾ ಸಂಪರ್ಕ ಹಿಡಿದುಕೊಂಡಿದ್ದರೆ ಬೇರೆಯವರಿಗೆ ಅದು ಸಿಗುವುದಿಲ್ಲ. ಅದನ್ನು ಪೂರ್ತಿ ಮುಚ್ಚಿ. ಆಮೇಲೆ ಪೆರೆಗ್ರಿನ್‌ನಲ್ಲಿ ಬ್ಲೂಟೂತ್ ಮೆನು ತೆರೆದು ಅದು ಕಾಯುತ್ತಿರುವಾಗ ಆ್ಯಪ್‌ನಲ್ಲಿ ಡೌನ್‌ಲೋಡ್ ಒತ್ತಿ. ಮೊದಲು ಆ್ಯಪ್‌ನಲ್ಲಿ ಒತ್ತಿ ಆಮೇಲೆ ಮೆನು ಹುಡುಕಿದರೆ ಅಷ್ಟರಲ್ಲಿ ಆ್ಯಪ್ ಕೈಬಿಟ್ಟಿರುತ್ತದೆ.

ಐಫೋನ್ ಇರುವವರಿಗೂ ಒಂದು ಮಾತು. ಅಲ್ಲಿ ಬಿಎಲ್‌ಇ ಯಂತ್ರಗಳು ಮಾತ್ರ ನಡೆಯುತ್ತವೆ. ಹಳೇ ಬ್ಲೂಟೂತ್ ಇರುವ ಶಿಯರ್‌ವಾಟರ್‌ನ ಮೊದಲಿನ ಪೆಟ್ರೆಲ್, ಕೇಬಲ್ ಯಂತ್ರಗಳು, ಇವಕ್ಕೆಲ್ಲ ಲ್ಯಾಪ್‌ಟಾಪ್ ಬೇಕು. ಆಂಡ್ರಾಯ್ಡ್‌ನಲ್ಲಿ ಒಟಿಜಿ (ಫೋನ್‌ಗೆ ಯುಎಸ್‌ಬಿ ಸಾಧನ ಜೋಡಿಸುವ ಸೌಲಭ್ಯ) ಮೂಲಕ ಎಫ್‌ಟಿಡಿಐ ಕೇಬಲ್ ಕೂಡ ಹಾಕಬಹುದು.

---

ಅಲೆಗುರುತು

ಲೊಕೇಶನ್ ಅನುಮತಿಯೇ ಕಾರಣ. ಕೊಟ್ಟ ತಕ್ಷಣ ಬಂತು, ಎಲ್ಲ ಇಳಿಯಿತು. ಮತ್ತೆ ಒತ್ತಿದರೆ ಹೊಸ ಡೈವ್ ಇಲ್ಲ ಅನ್ನುತ್ತದೆ. ಸರಿ ತಾನೆ?

ಕಳೆದ ಡೈವ್‌ನಲ್ಲಿ ಎರಡನ್ನೂ ಕಟ್ಟಿಕೊಂಡಿದ್ದೆ. (ಇಳಿಸಿಕೊಂಡ ಮೇಲೇ ಕಟ್ಟಿದ್ದು, ತಳದಮರಳು ಅವರೇ!) ಲಾಗ್‌ನಲ್ಲಿ ಅದು ಎರಡು ಬೇರೆ ಡೈವ್ ಆಗಿ ಕೂತಿದೆ. ಗರಿಷ್ಠ ಆಳದಲ್ಲೂ ಅರ್ಧ ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ. ಯಾವುದನ್ನು ನಂಬೋದು?

---

ಕಡಲಕೋಡ್

ಮೊದಲನೆಯದು ಸರಿ. ಪ್ರತಿ ಡೈವ್‌ಗೂ ಬೆರಳಚ್ಚಿನ ಹಾಗೆ ಒಂದು ಗುರುತು ಇರುತ್ತದೆ. ಲೈಬ್ರರಿ ಹೊಸ ಡೈವ್‌ನಿಂದ ಹಳೆಯದರ ಕಡೆಗೆ ಓದುತ್ತಾ ಹೋಗಿ, ಗೊತ್ತಿರುವ ಗುರುತು ಸಿಕ್ಕ ಕೂಡಲೇ ನಿಲ್ಲುತ್ತದೆ. ಎಲ್ಲವನ್ನೂ ಮತ್ತೆ ಇಳಿಸಲೇಬೇಕು ಅಂದರೆ ಲ್ಯಾಪ್‌ಟಾಪ್‌ನ ಡೌನ್‌ಲೋಡ್ ಕಿಟಕಿಯಲ್ಲಿ ಅದಕ್ಕೆ ಆಯ್ಕೆ ಇದೆ.

ಎರಡು ಡೈವ್ ಆಗಿ ಕೂತಿರುವುದು ಗಡಿಯಾರದ ಕಾರಣಕ್ಕೆ ಇರಬಹುದು. ಬಹುತೇಕ ಡೈವ್ ಕಂಪ್ಯೂಟರ್‌ಗಳಿಗೆ ಯಾವ ಟೈಮ್ ಜೋನ್ ಅನ್ನೋದು ಗೊತ್ತಿಲ್ಲ, ನೀವು ಇಟ್ಟ ಗಡಿಯಾರವನ್ನೇ ನಂಬುತ್ತವೆ. ಎರಡರ ಸಮಯ ಹತ್ತಿರ ಇದ್ದರೆ ಸಬ್‌ಸರ್ಫೇಸ್ ತಾನೇ ಒಂದೇ ಡೈವ್ ಅಂತ ಗುರುತಿಸಿ, ಎರಡು ಕಂಪ್ಯೂಟರ್‌ನ ರೇಖೆಯನ್ನೂ ಅದರೊಳಗೆ ಇಡುತ್ತದೆ. ನಿಮ್ಮ ವೈಪರ್ ನಾಲ್ಕು ನಿಮಿಷ ಮುಂದಿದೆ ಅಂದಿರಿ, ಅಷ್ಟಕ್ಕೆ ಬೇರೆ ಆಗಬಾರದು. ದಿನಾಂಕ ಅಥವಾ ಗಂಟೆ ತಪ್ಪಿದೆಯಾ ನೋಡಿ. ಡೈವ್ ಆರಿಸಿ ಸಮಯ ಸರಿಸುವ ಸೌಲಭ್ಯ ಇದೆ. ಸರಿಸಿ, ಎರಡನ್ನೂ ಆರಿಸಿ ವಿಲೀನ ಮಾಡಿ.

ಆಳದ ವ್ಯತ್ಯಾಸ ಸಹಜ. ಯಾವ ಡೈವ್ ಕಂಪ್ಯೂಟರೂ ಆಳ ಅಳೆಯುವುದಿಲ್ಲ. ಅಳೆಯೋದು ಒತ್ತಡ. ನೀರಿನ ಸಾಂದ್ರತೆ ಇಷ್ಟು ಅಂತ ಊಹಿಸಿ ಮೀಟರ್‌ಗೆ ತಿರುಗಿಸುತ್ತದೆ. ಸಿಹಿ ನೀರಿಗೂ ಉಪ್ಪು ನೀರಿಗೂ ಸುಮಾರು ಶೇಕಡ 3 ವ್ಯತ್ಯಾಸ. ಅಂದರೆ 30 ಮೀಟರ್‌ನಲ್ಲಿ ಸುಮಾರು 90 ಸೆಂಟಿಮೀಟರ್. ಇಎನ್13319 ಅನ್ನೋ ಯುರೋಪಿನ ಮಾನದಂಡ ಇವೆರಡರ ನಡುವೆ ಇದೆ, ಅದರಲ್ಲಿ 1 ಬಾರ್ ಒತ್ತಡ ಏರಿದರೆ 10 ಮೀಟರ್ ಅಂತ ಲೆಕ್ಕ. ಪೆರೆಗ್ರಿನ್‌ನ ಸೆಟ್ಟಿಂಗ್‌ನಲ್ಲಿ ಈ ಮೂರರಲ್ಲಿ ಯಾವುದು ಇದೆ ನೋಡಿ. ಡಿಕಂಪ್ರೆಶನ್ ಲೆಕ್ಕ (ಎಷ್ಟು ನಿಧಾನವಾಗಿ, ಎಲ್ಲಿ ನಿಂತು ಮೇಲೆ ಬರಬೇಕು ಅನ್ನೋದು) ನಡೆಯುವುದು ಒತ್ತಡದ ಮೇಲೆ, ಹಾಗಾಗಿ ಪರದೆಯ ಮೀಟರ್ ಬದಲಾದರೂ ಅದು ಬದಲಾಗುವುದಿಲ್ಲ. ಮೇಲಾಗಿ ವೈಪರ್ ರೇಖೆಯಲ್ಲಿ ಒಂದು ಅಡಿಯ ಮೆಟ್ಟಿಲು ಬೇರೆ ಇದೆ.

---

ಅಲೆಗುರುತು

ವೈಪರ್‌ನಲ್ಲಿ ತಿಂಗಳೇ ಬೇರೆ ಇತ್ತು! ಸರಿಸಿ ವಿಲೀನ ಮಾಡಿದೆ, ಈಗ ಎರಡೂ ರೇಖೆ ಒಂದರ ಮೇಲೊಂದು ಕಾಣುತ್ತವೆ. ಅಕ್ಕನ ಡೈವ್‌ಗಳ ದಿನಾಂಕವೂ ಇದೇ ಲೆಕ್ಕದಲ್ಲಿ ಸರಿಸಬೇಕಾ ಅಂತ ಅವಳ ಕಾಗದದ ಲಾಗ್‌ಬುಕ್ ಜೊತೆ ಹೋಲಿಸಿ ನೋಡುತ್ತೇನೆ.

---

ಹೊಸಯಂತ್ರ

ಎಲ್ಲರೂ ಇಷ್ಟು ಚೆನ್ನಾಗಿ ಹೇಳುತ್ತಿರುವುದರಿಂದ ನಾನೂ ಕೇಳುತ್ತೇನೆ. ನನ್ನ ಡೈವ್ ಕಂಪ್ಯೂಟರ್ ಮಾರುಕಟ್ಟೆಗೆ ಹೊಸದು, ಪಟ್ಟಿಯಲ್ಲೇ ಇಲ್ಲ. ಆ್ಯಪ್‌ಇಮೇಜ್‌ನಲ್ಲೂ ನೋಡಿದೆ. ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ನಾನು ಏನಾದರೂ ಮಾಡಬಹುದಾ, ಅಥವಾ ಸುಮ್ನೆ ಕಾಯಬೇಕಾ?

---

ಸೀರಿಯಲ್ಪೋರ್ಟ್

ಖಂಡಿತ ಮಾಡಬಹುದು. ನಿಮ್ಮಂಥವರು ಇಲ್ಲದಿದ್ದರೆ ಈ ಪಟ್ಟಿ ಇಷ್ಟು ಬೆಳೆಯುತ್ತಲೇ ಇರಲಿಲ್ಲ. ಕೋಡ್ ಬರೆಯುವವರ ಹತ್ತಿರ ಎಲ್ಲ ಯಂತ್ರವೂ ಇರುವುದಿಲ್ಲ, ನಿಮ್ಮ ಹತ್ತಿರ ಇದೆ.

ಮೊದಲು, ಅದೇ ಕಂಪನಿಯ ಹತ್ತಿರದ ಮಾಡೆಲ್ ಪಟ್ಟಿಯಲ್ಲಿ ಇದ್ದರೆ ಅದನ್ನು ಆರಿಸಿ ಪ್ರಯತ್ನಿಸಿ. ಎಷ್ಟೋ ಸಲ ಹೆಸರು ಹೊಸದು, ಒಳಗಿನ ಮಾತು ಹಳೆಯದೇ. ಬಂದ ಅಂಕಿಗಳನ್ನು ಯಂತ್ರದ ಪರದೆಯ ಜೊತೆ ಹೋಲಿಸದೆ ನಂಬಬೇಡಿ. ಪ್ರಯತ್ನಿಸುವಾಗ ಸಬ್‌ಸರ್ಫೇಸ್‌ನ ಡೌನ್‌ಲೋಡ್ ಕಿಟಕಿಯಲ್ಲಿ ಲಾಗ್‌ಫೈಲ್ ಉಳಿಸು, ಡಂಪ್‌ಫೈಲ್ ಉಳಿಸು ಅಂತ ಎರಡು ಚೌಕ ಇವೆ, ಎರಡನ್ನೂ ಟಿಕ್ ಮಾಡಿ. ಯಾವ ಬೈಟ್ ಹೋಯಿತು, ಯಾವುದು ಬಂತು ಅನ್ನೋದೆಲ್ಲ ಅದರಲ್ಲಿ ಇರುತ್ತದೆ.

ಅದು ಆಗದಿದ್ದರೆ ತಯಾರಕರ ಆ್ಯಪ್ ಮತ್ತು ಯಂತ್ರದ ನಡುವಿನ ಮಾತನ್ನು ಹಿಡಿಯಬೇಕು. ಯುಎಸ್‌ಬಿ ಆದರೆ ವೈರ್‌ಶಾರ್ಕ್ ಅನ್ನೋ ಪ್ರೋಗ್ರಾಂ, ಆಂಡ್ರಾಯ್ಡ್ ಬ್ಲೂಟೂತ್ ಆದರೆ ಡೆವಲಪರ್ ಆಯ್ಕೆಗಳಲ್ಲಿ ಫೋನ್‌ನ ಬ್ಲೂಟೂತ್ ಮಾತನ್ನೆಲ್ಲ ಬರೆದಿಡುವ ಎಚ್‌ಸಿಐ ಸ್ನೂಪ್ ಲಾಗ್ ಇದೆ. ಹಿಡಿದ ಕಡತದ ಜೊತೆ ಎರಡು ಮೂರು ಡೈವ್‌ಗಳಿಗೆ ಯಂತ್ರದ ಪರದೆ ಏನು ತೋರಿಸುತ್ತದೆ ಅಂತ ಬರೆದು ಕಳಿಸಿ: ದಿನಾಂಕ, ಗರಿಷ್ಠ ಆಳ, ಸಮಯ, ಕನಿಷ್ಠ ತಾಪಮಾನ. ಬಿಡಿಸುವವರಿಗೆ ಇದೇ ಬೀಗದ ಕೈ. ಬೈಟ್‌ಗಳ ರಾಶಿಯಲ್ಲಿ 18.3 ಎಲ್ಲಿದೆ ಅಂತ ಹುಡುಕೋಕೆ ಮೊದಲು 18.3 ಅನ್ನೋದು ಗೊತ್ತಿರಬೇಕಲ್ಲ. ಸೂಂಟೋ ಇಯಾನ್ ಸ್ಟೀಲ್ ಹೊಸದಾಗಿ ಬಂದಾಗ ಅದರ ಬೆಂಬಲವನ್ನು 2014ರಲ್ಲಿ ಬರೆದದ್ದು ಟೊರ್ವಾಲ್ಡ್ಸ್ ಅವರೇ. ಹೈನ್‌ರಿಕ್ಸ್ ವೈಕಾಂಪ್‌ನವರು ಮಾತ್ರ ತಮ್ಮ ಒಎಸ್‌ಟಿಸಿ ಡೈವ್ ಕಂಪ್ಯೂಟರ್‌ನ ಫರ್ಮ್‌ವೇರ್ ಕೋಡನ್ನೇ ತೆರೆದಿಟ್ಟಿದ್ದಾರೆ. ಎಲ್ಲರೂ ಹಾಗೆ ಮಾಡಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ.

---

ಹೊಸಯಂತ್ರ

ಇಷ್ಟು ನನ್ನ ಕೈಯಲ್ಲಿ ಆಗುತ್ತದೆ. ಕಡತ ಕಳಿಸುವ ಮೊದಲು ನನ್ನ ಖಾಸಗಿ ವಿಷಯ ಏನಾದರೂ ಅದರಲ್ಲಿ ಇರುತ್ತದೆಯಾ?

---

ಕಡಲಕೋಡ್

ಇರುತ್ತದೆ. ಡಂಪ್‌ನಲ್ಲಿ ಯಂತ್ರದ ಸೀರಿಯಲ್ ಸಂಖ್ಯೆ ಇರಬಹುದು. ಯಂತ್ರದಲ್ಲಿ ನಿಮ್ಮ ಹೆಸರು, ಫೋನ್ ಸಂಖ್ಯೆ ತುಂಬಿದ್ದರೆ ಅದೂ ಬರಬಹುದು. ಜಿಪಿಎಸ್ ಇದ್ದರೆ ಡೈವ್ ಜಾಗ. ಡಂಪ್ ಒಳಗೆ ಕೈಯಾಡಿಸಿ ಬೈಟ್ ಬದಲಾಯಿಸಬೇಡಿ, ಚೆಕ್‌ಸಮ್ ಕೆಟ್ಟು ಉಪಯೋಗಕ್ಕೆ ಬಾರದಂತಾಗುತ್ತದೆ. ಹೆಸರನ್ನು ಯಂತ್ರದಲ್ಲೇ ಅಳಿಸಿ ಆಮೇಲೆ ಇಳಿಸಿ. ಸ್ನೂಪ್ ಲಾಗ್‌ನಲ್ಲಿ ಆ ಹೊತ್ತಿನ ಇಯರ್‌ಫೋನ್, ಗಡಿಯಾರ ಎಲ್ಲದರ ಮಾತೂ ಸೇರುತ್ತದೆ. ಹಾಗಾಗಿ ಅವನ್ನೆಲ್ಲ ಆಫ್ ಮಾಡಿ, ಲಾಗ್ ಶುರು ಮಾಡಿ, ಒಂದೇ ಒಂದು ಡೌನ್‌ಲೋಡ್ ಮಾಡಿ, ತಕ್ಷಣ ನಿಲ್ಲಿಸಿ. ಕಡತವನ್ನು ಇಲ್ಲಿ ಬಹಿರಂಗವಾಗಿ ಹಾಕಬೇಡಿ, ಕೋಡ್ ನೋಡುವವರಿಗೆ ನೇರವಾಗಿ ಕಳಿಸಿ. ಮಾಡೆಲ್ ಹೆಸರು ಮತ್ತು ಫರ್ಮ್‌ವೇರ್ ಆವೃತ್ತಿ ಮಾತ್ರ ಇಲ್ಲಿ ಬರೆಯಿರಿ. ಅದೇ ಯಂತ್ರ ಇರುವ ಇನ್ನೊಬ್ಬರು ಸಿಕ್ಕರೆ ಹೋಲಿಸೋಕೆ ಎರಡು ಡಂಪ್ ಆಗುತ್ತದೆ.